ಹಸಿರು ಟಿಕ್ಕು ಮತ್ತು ಇಪ್ಪತ್ತೆಂಟನೆಯ ಪಾದೆ

ನಾನು ಕೋಡ್ ಬರೆಯುವ ಎಡಿಟರಿನ ಎಡಗಡೆ ಒಂದು ಪುಟ್ಟ ಪಟ್ಟಿ ಇದೆ. ಆ ದಿನ ಬದಲಾಯಿಸಿದ ಕಡತಗಳೆಲ್ಲ ಅಲ್ಲಿ ಸಾಲಾಗಿ ನಿಲ್ಲುತ್ತವೆ. ಒಂದು ಗುಂಡಿ ಒತ್ತಿದರೆ ಅವುಗಳ ಆ ಹೊತ್ತಿನ ಸ್ಥಿತಿ ಇತಿಹಾಸದಲ್ಲಿ ದಾಖಲಾಗುತ್ತದೆ, ಒಂದು ಪ್ರತಿ ದೂರದ ಸರ್ವರಿಗೆ ಹೋಗುತ್ತದೆ, ಒಂದು ಹಸಿರು ಟಿಕ್ಕು ಬೀಳುತ್ತದೆ. ಎಲ್ಲ ಕ್ಷೇಮ, ಇನ್ನು ಮನೆಗೆ ಹೋಗಬಹುದು ಎಂದು ಅದರ ಅರ್ಥ. ಹನ್ನೊಂದು ವರ್ಷ ನಾನು ಆ ಟಿಕ್ಕನ್ನು ಕಣ್ಣುಮುಚ್ಚಿ ನಂಬಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಹಸಿರಾಗಿರುವುದರ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಆಫೀಸು ಮಣಿಪಾಲದಲ್ಲಿ, ಗುಡ್ಡದ ಮೇಲಿನ ಎತ್ತರದ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ. ಮನೆ ಕಾಪುವಿನಲ್ಲಿ, ಕಡಲಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಉದ್ಯಾವರ, ಅಂಬಲಪಾಡಿ ದಾಟಿ ಗುಡ್ಡ ಹತ್ತುತ್ತೇನೆ, ಸಂಜೆ ಇಳಿಯುತ್ತೇನೆ. ಮನೆಯಲ್ಲಿ ಅಮ್ಮ, ನನ್ನ ತಮ್ಮ, ಮತ್ತೆ ಅಮ್ಮನ ಅಣ್ಣ, ಅಂದರೆ ನಮ್ಮ ಮಾವ. ಮಾವ ನಲವತ್ತು ವರ್ಷಕ್ಕೂ ಮೇಲ್ಪಟ್ಟು ನಾಡದೋಣಿ ನಡೆಸಿದವರು. ನಮ್ಮ ಮನೆಯಲ್ಲಿ ದೋಣಿಯೂ ವಿದ್ಯೆಯೂ ಮಾವನಿಂದ ತಂಗಿಯ ಮಕ್ಕಳಿಗೆ ಬರುವುದು ರೂಢಿ. ದೋಣಿ ತಮ್ಮನಿಗೆ ಬಂತು. ವಿದ್ಯೆಯನ್ನು ಉಳಿಸಿಕೊಡುತ್ತೇನೆಂದು ನಾನು ತಲೆ ಕೊಟ್ಟೆ.

ವಿದ್ಯೆ ಎಂದರೆ ಪಾದೆಗಳ ಗುರುತು. ಕಡಲ ತಳದ ಬಂಡೆಗಳಿಗೆ ನಾವು ಪಾದೆ ಎನ್ನುತ್ತೇವೆ. ಪಾದೆಯ ಸುತ್ತ ಕೆಂಬೇರಿಯಂಥ ಒಳ್ಳೆಯ ಮೀನು ಸೇರುತ್ತದೆ, ಆದರೆ ಬಲೆ ಪಾದೆಗೆ ತಾಗಿದರೆ ಹರಿದು ಚಿಂದಿ. ಆದ್ದರಿಂದ ಪಾದೆ ಎಲ್ಲಿದೆ ಎಂದು ಗೊತ್ತಿರಬೇಕು, ಸ್ವಲ್ಪವೇ ಆಚೆ ಬಲೆ ಹಾಕಬೇಕು. ನೀರಿನ ಮೇಲೆ ಗೆರೆ ಎಳೆಯಲು ಆಗುತ್ತದಾ? ಅದಕ್ಕೆ ಹಿಂದಿನವರು ದಡವನ್ನು ನೋಡಿ ಗೆರೆ ಎಳೆದರು. ದೀಪಸ್ತಂಭದ ಹಿಂದೆ ಘಟ್ಟದ ಇಂಥ ಶಿಖರ ಸರಿಯಾಗಿ ನಿಂತರೆ ಅದು ಒಂದು ಗೆರೆ. ಇಂಥ ತೆಂಗಿನ ತೋಪಿನ ಹಿಂದೆ ಇಂಥ ಗುಡ್ಡ ನಿಂತರೆ ಅದು ಎರಡನೆಯ ಗೆರೆ. ಎರಡೂ ಕೂಡುವ ಜಾಗದಲ್ಲಿ ದೋಣಿಯ ಅಡಿಗೆ ಪಾದೆ. ಮಾವನ ತಲೆಯಲ್ಲಿ ಅಂಥವು ಇಪ್ಪತ್ತೇಳು ಇದ್ದವು, ಒಂದರ ಹಿಂದೆ ಒಂದು, ದಕ್ಷಿಣದಿಂದ ಉತ್ತರಕ್ಕೆ.

ಎರಡು ವರ್ಷದ ಹಿಂದೆ ಸಂಜೆ ಸಂಜೆ ಜಗಲಿಯಲ್ಲಿ ಕೂತು ಮಾವ ಹೇಳಿದರು, ನಾನು ಬರೆದುಕೊಂಡೆ. ಒಂದು ಪಾದೆಗೆ ಒಂದು ಪುಟ್ಟ ಕಡತ: ಹೆಸರು, ಮೊದಲ ಗೆರೆ, ಎರಡನೆಯ ಗೆರೆ, ಎಷ್ಟು ಮಾರು ಆಳ. ಗೆರೆಗಳನ್ನು ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ಎಳೆದು, ಕೂಡುವ ಜಾಗಕ್ಕೆ ಚುಕ್ಕಿ ಇಡುವ ಆ್ಯಪ್ ನನ್ನದು. ನಕ್ಷೆಯ ಭಾಗ ಬರೆದುಕೊಟ್ಟವನು ನನ್ನ ಸಹೋದ್ಯೋಗಿ. ಅವನ ಮನೆ ಕಾರ್ಕಳದ ಆಚೆ ಬಜಗೋಳಿಯಲ್ಲಿ, ಅಲ್ಲಿಂದಲೇ ಕೆಲಸ ಮಾಡುತ್ತಾನೆ. ಮೊದಲ ದಿನ ಆ್ಯಪ್ ತೆರೆದರೆ ಒಂದು ಪಾದೆ ಉದ್ಯಾವರದ ಹೆದ್ದಾರಿಯ ಮೇಲೆ ಬಂದು ಕುಳಿತಿತ್ತು. “ಎಂತ ಮಾರಾಯ್ತಿ, ನಿನ್ನ ಮಾವ ಬಸ್ಸಿಗೆ ಬಲೆ ಹಾಕುತ್ತಾರಾ?” ಎಂದು ಅವನು ಒಂದು ವಾರ ನಗಾಡಿದ. ನನಗೆ ಮೈಯೆಲ್ಲ ಉರಿಯಿತು. ನನ್ನ ಲೆಕ್ಕದಲ್ಲೇ ತಪ್ಪಿದೆ ಎಂದು ಹದಿನೈದು ದಿನ ಕೋಡನ್ನು ಜಾಲಾಡಿದೆ. ಏನೂ ಸಿಗಲಿಲ್ಲ.

ಅಷ್ಟರಲ್ಲಿ ಬಜಗೋಳಿಯವನ ಹತ್ತಿರವೂ ಕಡತಗಳಿವೆ ಎಂದು ಮಾವನಿಗೆ ಗೊತ್ತಾಯಿತು.

“ಬಜಗೋಳಿಯವನಿಗೆ ನಮ್ಮ ಪಾದೆ ಯಾಕೆ? ಅಲ್ಲಿ ಕಡಲುಂಟಾ?”

“ಅವನು ನಂಬಿಗಸ್ತ, ಮಾವ.”

“ನಂಬಿಗಸ್ತನಿಗೂ ಪಾದೆ ಹೇಳುವ ಕ್ರಮ ಇಲ್ಲ. ಮನೆಯ ಒಳಗಿನದ್ದು ಒಳಗೇ ಇರಲಿ.”

ಸರಿ, ಒಳಗೇ ಇರಲಿ. ಇಬ್ಬರೂ ಹಂಚಿಕೊಂಡಿದ್ದ ಇತಿಹಾಸದಿಂದ ಪಾದೆಗಳ ಸುಳಿವೇ ಇಲ್ಲದ ಹಾಗೆ ಅಳಿಸಿದೆ. ಅವನಿಗೂ ಅಳಿಸಲು ಹೇಳಿದೆ, ಅಳಿಸಿದೆ ಎಂದ. ಆಮೇಲೆ ಆ್ಯಪಿನ ಫೋಲ್ಡರಿನ ಒಳಗೇ ಇನ್ನೊಂದು ಫೋಲ್ಡರ್ ಮಾಡಿ, ಅದಕ್ಕೆ ಬೇರೆಯದೇ ಇತಿಹಾಸ ಕೊಟ್ಟು, ಪಾದೆಗಳನ್ನು ಅಲ್ಲಿಟ್ಟೆ. ಮನೆಯೊಳಗೆ ಒಂದು ಕೋಣೆ, ಕೋಣೆಗೆ ಬೇರೆ ಬೀಗ. ಬಹಳ ಜಾಣೆ ಎಂದುಕೊಂಡೆ.

ಇದಾದ ಮೇಲೆ ಮಾವನಿಗೆ ಏನನ್ನಿಸಿತೋ, ನನ್ನನ್ನೂ ತಮ್ಮನನ್ನೂ ದೋಣಿಯಲ್ಲಿ ಕೂರಿಸಿಕೊಂಡು ಏಳು ಬೆಳಿಗ್ಗೆ ಕಡಲಿಗೆ ಕರೆದುಕೊಂಡು ಹೋದರು. ಗಾಳಿ ಬಂದ ಹಾಗೆ, ನೀರು ಇದ್ದ ಹಾಗೆ, ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ. ಪಾದೆಯ ಮೇಲೆ ದೋಣಿ ನಿಲ್ಲಿಸಿ, ದಡದ ಕಡೆ ಕೈ ಚಾಚಿ, “ಬರೆ” ಎನ್ನುತ್ತಿದ್ದರು. ಪ್ರತಿ ಪಾದೆಯ ಎರಡನೆಯ ಗೆರೆ ನಾನು ಜಗಲಿಯಲ್ಲಿ ಬರೆದುಕೊಂಡಿದ್ದಕ್ಕಿಂತ ಬೇರೆ ಇತ್ತು. “ನೀನು ಆವತ್ತು ತಪ್ಪು ಬರೆದಿದ್ದಿ ಮಗಾ. ಮೊಬೈಲ್ ನೋಡಿಕೊಂಡು ಬರೆದರೆ ಹೀಗೆಯೇ” ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೂತಲ್ಲೇ ಲ್ಯಾಪ್‌ಟಾಪಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆದೆ. ಹೆದ್ದಾರಿಯ ಪಾದೆ ತಾನಾಗಿ ಕಡಲಿಗೆ ಇಳಿಯಿತು. ಪ್ರತಿ ಸಂಜೆ ಗುಂಡಿ ಒತ್ತಿದೆ. ಪ್ರತಿ ಸಂಜೆ ಹಸಿರು ಟಿಕ್ಕು ಬಿತ್ತು.

ಕಳೆದ ದೀಪಾವಳಿಯ ಹೊತ್ತಿಗೆ ಮಾವನಿಗೆ ಒಂದು ಸಣ್ಣ ಪಾರ್ಶ್ವವಾಯು ಆಯಿತು. ಮಣಿಪಾಲದ ಡಾಕ್ಟರು ಬೇಗ ಎಬ್ಬಿಸಿ ಕೂರಿಸಿದರು. ಮಾತು ಬಂತು, ನಡಿಗೆ ಬಂತು, ಸಿಟ್ಟೂ ಬಂತು. ಪಾದೆಗಳು ಮಾತ್ರ ಪೂರ್ತಿ ಬರಲಿಲ್ಲ. ಹಳೆಯದೆಲ್ಲ ನೆನಪುಂಟು, ಆದರೆ ಪಾದೆ ಎಣಿಸಲು ಕೂತರೆ ನಾಲ್ಕು ಹೇಳಿ ನಿಲ್ಲಿಸಿಬಿಡುತ್ತಿದ್ದರು, ಮುಂದಿನದು ಸಿಗದೆ ತಲೆ ಕೊಡವುತ್ತಿದ್ದರು. ಏಳು ದಿನ ಕಡಲಲ್ಲಿದ್ದ ತಮ್ಮನಿಗೆ ಗಟ್ಟಿಯಾಗಿ ಉಳಿದದ್ದು ಮೂರು. “ಇರಲಿ, ಮಗಳು ಬರೆದಿದ್ದಾಳಲ್ಲ” ಎಂದು ಮಾವ ಸಮಾಧಾನ ಮಾಡಿಕೊಂಡರು. ಈ ಮಳೆಗಾಲ ಮುಗಿದರೆ ತಮ್ಮ ಮೊದಲ ಸಲ ತಾನೇ ಮುಂದಾಳಾಗಿ ದೋಣಿ ಇಳಿಸುವವನು. ಹೊಸ ಬಲೆ ಬಂದಿತ್ತು. ಆ ಬಲೆ ಕಾಯುವುದು ನನ್ನ ಲ್ಯಾಪ್‌ಟಾಪು.

ಆಗ ಆಫೀಸಿನಲ್ಲಿ ಎಲ್ಲರಿಗೂ ಹೊಸ ಲ್ಯಾಪ್‌ಟಾಪ್ ಕೊಟ್ಟರು. ಹಳೆಯದನ್ನು ಒಪ್ಪಿಸುವ ಮೊದಲು ಪಟ್ಟಿ ನೋಡಿದೆ. ಉಳಿಸಬೇಕಾದ ಬದಲಾವಣೆ ಒಂದೂ ಇಲ್ಲ, ಹಸಿರು ಟಿಕ್ಕು ಇದೆ. ಒಪ್ಪಿಸಿದೆ. ಆಫೀಸಿನವರು ಅದನ್ನು ಒರೆಸಿ ಖಾಲಿ ಮಾಡಿದರು. ಅವರ ಕೆಲಸ ಅದು, ಅವರನ್ನು ಅನ್ನಬಾರದು. ಎರಡು ದಿನ ಬಿಟ್ಟು ಹೊಸದರಲ್ಲಿ ಆ್ಯಪನ್ನು ಸರ್ವರಿನಿಂದ ಇಳಿಸಿಕೊಂಡೆ. ಪಾದೆಗಳ ಫೋಲ್ಡರ್ ಇತ್ತು. ಒಳಗೆ ಏನೂ ಇರಲಿಲ್ಲ.

ಮತ್ತೆ ಇಳಿಸಿದೆ, ಮತ್ತೆ ಖಾಲಿ. ಎಡಿಟರನ್ನು ಮುಚ್ಚಿ, ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಕೈಯಾರೆ ಆಜ್ಞೆ ಬರೆದು ಕೇಳಿದ ಮೇಲೆ ಗೊತ್ತಾಯಿತು. ನನ್ನ ಎಡಿಟರಿನ ಪಟ್ಟಿ ಕಾಯುತ್ತಿದ್ದದ್ದು ಹೊರಗಿನ ಮನೆಯನ್ನು ಮಾತ್ರ. ಬೇರೆ ಬೀಗ ಹಾಕಿದ ಕೋಣೆ ಅದಕ್ಕೆ ಕಾಣುತ್ತಲೇ ಇರಲಿಲ್ಲ. ಒಳಗಿನ ಇತಿಹಾಸವನ್ನು ಬೇರೆಯಾಗಿ ಕಳುಹಿಸಬೇಕಿತ್ತು, ನಾನು ಒಂದೇ ಒಂದು ದಿನ ಕಳುಹಿಸಿರಲಿಲ್ಲ. ಸರ್ವರಿಗೆ ಹೋದದ್ದು ಒಳಗಿನ ಸ್ಥಿತಿಯನ್ನು ಸೂಚಿಸುವ ನಲವತ್ತು ಅಕ್ಷರದ ಒಂದು ಸಂಖ್ಯೆ ಅಷ್ಟೆ. ಮದುವೆಯ ಕಾಗದ ಕೈಯಲ್ಲಿದೆ, ಹೋಗಿ ನೋಡಿದರೆ ಚಪ್ಪರವೂ ಇಲ್ಲ, ಮದುಮಕ್ಕಳೂ ಇಲ್ಲ. ಅಷ್ಟು ಸಂಜೆ ಬಿದ್ದ ಅಷ್ಟೂ ಹಸಿರು ಟಿಕ್ಕುಗಳು ನನ್ನನ್ನು ಮಂಗ ಮಾಡಿದ್ದವು.

ಅವತ್ತು ನನಗೆ ನನ್ನ ಮೇಲೇ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಯಲ್ಲಿ ಮಾವ “ಎಂತ ಮಗಾ, ಮುಖ ಯಾಕೆ ಹಾಗೆ?” ಎಂದರೆ ತಲೆನೋವು ಎಂದೆ. ಬೆಳಗಾದೊಡನೆ ಬಜಗೋಳಿಯವನಿಗೆ ಫೋನ್ ಮಾಡಿದೆ.

“ಎರಡು ವರ್ಷದ ಹಿಂದೆ ಪಾದೆಯ ಕಡತ ಅಳಿಸು ಎಂದಿದ್ದೆ. ಅಳಿಸಿದ್ದೀಯಾ?”

“ಅಳಿಸಿದ್ದೇನೆ. ಆವತ್ತೇ ಹೇಳಿದ್ದೆ ಅಲ್ವಾ?”

“ನಿಜ ಹೇಳು. ಬೈಯುವುದಿಲ್ಲ.”

“ಹಳೆಯ ಕಂಪ್ಯೂಟರಿನಲ್ಲಿ ಇದ್ದರೂ ಇರಬಹುದು. ಅಳಿಸಲು ಉದಾಸೀನ ಆಯಿತು ಮಾರಾಯ್ತಿ.”

ಅವನ ಉದಾಸೀನಕ್ಕೆ ಜೀವಮಾನದಲ್ಲಿ ಮೊದಲ ಸಲ ಕೈಮುಗಿದೆ. ಮಳೆಗೆ ಅವನ ಮನೆಯ ಇಂಟರ್ನೆಟ್ ಕೈಕೊಟ್ಟಿತ್ತು. ಬರುತ್ತದೆ, ಕಾಯು ಎಂದ. ನಾನು ಕಾಯುವ ಜಾತಿಯವಳಲ್ಲ. ಭಾನುವಾರ ಬೇರೆ. ರೈನ್‌ಕೋಟ್ ಹಾಕಿ ಸ್ಕೂಟರ್ ಹತ್ತಿದವಳು ಕಾರ್ಕಳದಲ್ಲಿ ಒಂದು ಚಹಾ ಕುಡಿಯಲು ಬಿಟ್ಟರೆ ಎಲ್ಲಿಯೂ ನಿಲ್ಲಲಿಲ್ಲ. ಬಜಗೋಳಿ ಹತ್ತಿರವಾದ ಹಾಗೆ ಮಳೆ ಬಿಟ್ಟು ಘಟ್ಟ ಪೂರ್ತಿ ಎದ್ದು ನಿಂತಿತು. ಮಾವ ಕಡಲಿನಿಂದ ಗುರುತಿಟ್ಟುಕೊಂಡ ಶಿಖರಗಳು ಇವೇ. ಹತ್ತಿರದಿಂದ ಒಂದೂ ಗುರುತು ಸಿಗಲಿಲ್ಲ.

ಹಳೆಯ ಕಂಪ್ಯೂಟರ್ ಅಟ್ಟದಲ್ಲಿತ್ತು. ಇಳಿಸಿ, ಧೂಳು ಕೊಡವಿ, ಮೂರು ಸಲ ಪ್ಲಗ್ ತೆಗೆದು ಹಾಕಿದ ಮೇಲೆ ಎದ್ದಿತು. ಫೋಲ್ಡರ್ ತೆರೆದ. ಇಪ್ಪತ್ತೇಳು ಕಡತ. ನಾನು ಎಣಿಸಿದೆ, ಅವನೂ ಎಣಿಸಿದ. ನಾನು ಅವನ ಹಜಾರದಲ್ಲಿ ಚಿಕ್ಕ ಹುಡುಗಿಯ ಹಾಗೆ ಕುಣಿದುಬಿಟ್ಟೆ. ಇವು ಜಗಲಿಯಲ್ಲಿ ಬರೆದ ಹಳೆಯ ಪ್ರತಿಗಳು, ನಾನು ತಪ್ಪಾಗಿ ಬರೆದವು ಎಂದು ಗೊತ್ತಿತ್ತು. ಆದರೂ ಓದಿ ಹೇಳಿದರೆ ಮಾವನಿಗೆ ಸರಿಯಾದದ್ದು ನೆನಪಾದೀತು ಎಂಬ ಆಸೆ. ತಲೆಗೆ ಬಂದದ್ದು ಪಾಗಿಗೆ ಹೋಯಿತು ಎಂದುಕೊಂಡು ಪೆನ್‌ಡ್ರೈವನ್ನು ಒಳಜೇಬಿನಲ್ಲಿಟ್ಟು ಬಂದ ದಾರಿಯಲ್ಲೇ ತಿರುಗಿದೆ.

ಮನೆಗೆ ಬಂದವಳೇ ಜಗಲಿಯಲ್ಲಿ ಮಾವನ ಮುಂದೆ ಕೂತು ನಡೆದದ್ದೆಲ್ಲ ಒಪ್ಪಿಕೊಂಡೆ. ಬಲೆಗೆ ಹಗ್ಗ ಕಟ್ಟುತ್ತಿದ್ದ ತಮ್ಮನ ಕೈ ನಿಂತಿತು. ಮಾವ “ಓದು” ಎಂದರು.

ಮೊದಲ ಪಾದೆ ಓದಿದೆ.

“ತಪ್ಪು.”

ಎರಡನೆಯದು ಓದಿದೆ.

“ಅದೂ ತಪ್ಪು.”

ನಾಲ್ಕನೆಯದಕ್ಕೂ ತಪ್ಪು ಎಂದಾಗ ನನ್ನ ತಾಳ್ಮೆ ತಪ್ಪಿತು. “ಹೌದು ಮಾವ, ನಾನು ತಪ್ಪು ಬರೆದವಳು, ದಡ್ಡಿ. ಸರಿಯಾದದ್ದು ಯಾವುದು ಹೇಳಿ” ಎಂದು ರೇಗಿಬಿಟ್ಟೆ.

ಮಾವ ನಗಲು ಸುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. “ನೀನು ಸರಿಯಾಗಿಯೇ ಬರೆದಿದ್ದಿ. ನಾನು ಹೇಳಿದ್ದು ಸುಳ್ಳು. ಪಾದೆಯನ್ನು ಮೊದಲ ಸಲ ಯಾರಾದರೂ ಸರಿ ಹೇಳುತ್ತಾರಾ? ಕೇಳಿದವರು ಹೊರಗೆ ಬಿಡುತ್ತಾರೋ ಇಲ್ಲವೋ ನೋಡಬೇಕಲ್ಲ. ನೋಡು, ಬಜಗೋಳಿಯವರೆಗೆ ಹೋಯಿತು.”

ಎರಡು ವರ್ಷ ನನ್ನ ತಪ್ಪು ಎಂದು ನಾಚಿಕೊಂಡಿದ್ದೆನಲ್ಲ! ನಾನು ಚಾಪೆ ಕೆಳಗೆ ನುಗ್ಗಿದ್ದರೆ ಇವರು ರಂಗೋಲಿ ಕೆಳಗೆ ನುಗ್ಗಿದ್ದರು. ಆದರೆ ನಗುವ ಹೊತ್ತಲ್ಲ ಅದು. ಸುಳ್ಳು ಮಾತ್ರ ಉಳಿದಿದೆ, ನಿಜ ಅಳಿಸಿಹೋಗಿದೆ, ಹೇಳಿದವರಿಗೂ ಈಗ ನೆನಪಿಲ್ಲ.

ತಮ್ಮ ಮೆಲ್ಲನೆ ಕೇಳಿದ: “ಮಾವ, ಸುಳ್ಳು ಹೇಗೆ ಹೇಳಿದಿರಿ? ಬಾಯಿಗೆ ಬಂದ ಹಾಗಾ?”

“ಬಾಯಿಗೆ ಬಂದ ಹಾಗೆ ಹೇಳಿದರೆ ಹೇಳಿದವನಿಗೇ ನೆನಪಿರುವುದಿಲ್ಲ ಮಾರಾಯ. ಅದಕ್ಕೂ ಕ್ರಮ ಉಂಟು. ನನ್ನ ಮಾವ ನನಗೂ ಹೀಗೆಯೇ ಹೇಳಿದ್ದು. ಮೊದಲ ಗೆರೆ ಅದೇ ಪಾದೆಯದ್ದು, ನಿಜದ್ದು. ಎರಡನೆಯ ಗೆರೆ ಮುಂದಿನ ಪಾದೆಯದ್ದು.”

ನಾನು ಎದ್ದು ನಿಂತೆ. ಎಲ್ಲ ಇಲ್ಲೇ ಇದೆ! ಎರಡನೆಯ ಗೆರೆಗಳೆಲ್ಲ ಒಂದೊಂದು ಮನೆ ಹಿಂದಕ್ಕೆ ಬಂದು ಕೂತಿವೆ, ಅಷ್ಟೇ. ಕಡತಗಳಿಗೆ ನಾನು ಹಾಕಿದ ಕ್ರಮಸಂಖ್ಯೆಯೂ ಹಾಗೇ ಇದೆ. ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು ಎಂಟು ಸಾಲಿನ ಕೋಡ್ ಬರೆದೆ. ಒಂದನೆಯದರ ಎರಡನೆಯ ಗೆರೆ ಎರಡನೆಯ ಪಾದೆಗೆ, ಎರಡನೆಯದರದ್ದು ಮೂರನೆಯದಕ್ಕೆ. ನಕ್ಷೆ ತೆರೆದೆ. ಹೆದ್ದಾರಿಯ ಮೇಲಿದ್ದ ಪಾದೆ ಹೋಗಿ ಕಡಲಲ್ಲಿ ಕೂತಿತು. ತಮ್ಮ ತನಗೆ ಗೊತ್ತಿದ್ದ ಮೂರನ್ನು ನೋಡಿ, “ಸರಿ ಅಕ್ಕ, ಸರಿ, ಇದೂ ಸರಿ” ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ. ಅಮ್ಮ ಒಳಗಿನಿಂದ ಏನಾಯಿತೆಂದು ಸೌಟು ಹಿಡಿದುಕೊಂಡೇ ಬಂದಳು.

ಎರಡು ತುದಿ ಉಳಿದವು. ಮೊದಲ ಪಾದೆಗೆ ಎರಡನೆಯ ಗೆರೆ ಇಲ್ಲ. ಮಾವ ಅದನ್ನು ಒಂದೇ ಉಸಿರಿಗೆ ಹೇಳಿದರು. ಅದು ಅವರು ಚಿಕ್ಕಂದಿನಲ್ಲಿ ಕಲಿತ ಮೊದಲ ಪಾದೆ. ಇನ್ನು ಕೊನೆಯಲ್ಲಿ ಒಂದು ಗೆರೆ ಯಾವ ಪಾದೆಗೂ ಸೇರದೆ ಒಂಟಿಯಾಗಿ ನಿಂತಿತ್ತು. ಇಪ್ಪತ್ತೇಳನೆಯದಕ್ಕೆ ಸುಳ್ಳು ಹೇಳಲು ಮುಂದಿನ ಪಾದೆಯ ಗೆರೆ ಬೇಕಲ್ಲ, ಅದು. ಹಾಗಾದರೆ ಇಪ್ಪತ್ತೆಂಟನೆಯದು ಒಂದು ಇದೆ. ಗಟ್ಟಿಯಾಗಿ ಓದಿದೆ: ಉದ್ಯಾವರದ ಮೊಬೈಲ್ ಟವರಿನ ಹಿಂದೆ ಮಣಿಪಾಲದ ಎತ್ತರದ ಕಟ್ಟಡ.

“ಅದು ನನ್ನ ಆಫೀಸು” ಎಂದೆ.

ಮಾವ ನನ್ನ ಕಡೆ ತಿರುಗಿದರು. “ಆ ಪಾದೆ ನನ್ನದು. ನನ್ನ ಮಾವ ಕೊಟ್ಟದ್ದಲ್ಲ, ನಾನೇ ಕಂಡದ್ದು. ಆ ಕಟ್ಟಡ ಎದ್ದ ವರ್ಷ. ನೀನು ಅಲ್ಲಿ ಕೂತಿದ್ದಿ ಎಂದು ಅದನ್ನೇ ಗುರುತು ಹಿಡಿದೆ. ಕೊನೆಗೆ ಹೇಳುವ ಎಂದು ಇಟ್ಟುಕೊಂಡಿದ್ದೆ.”

“ಮೊದಲ ಗೆರೆ ಯಾವುದು ಮಾವ?”

ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಕೈ ಎರಡು ಸಲ ಮೇಲೆದ್ದು ಕೆಳಗೆ ಬಿತ್ತು. “ಸಿಕ್ಕುವುದಿಲ್ಲ ಮಗಾ” ಎಂದರು, ಕಣ್ಣಲ್ಲಿ ನೀರು ಬಂತು. ಹಿಂದಿನವರದ್ದೆಲ್ಲ ಉಳಿದು, ಅವರದ್ದೇ ಒಂದು ಕಳೆದುಹೋಯಿತಲ್ಲ ಎಂದು ಬಹಳ ಸಂಕಟವಾಯಿತು.

ತಮ್ಮ ಹಗ್ಗವನ್ನು ಬದಿಗಿಟ್ಟ. “ಒಂದು ಗೆರೆ ಉಂಟಲ್ಲ ಮಾವ. ಗೆರೆಯ ಮೇಲೆಯೇ ಹೋಗುವ. ಎಲ್ಲಿಯಾದರೂ ಸಿಕ್ಕಿಯೇ ಸಿಕ್ಕುತ್ತದೆ. ನೀವು ಗುಂಡು ಹಿಡಿದುಕೊಳ್ಳಿ.”

ಗುಂಡು ಎಂದರೆ ಹಗ್ಗದ ತುದಿಗೆ ಕಟ್ಟಿದ ಸೀಸ. ಆಳಕ್ಕೆ ಬಿಟ್ಟು, ತಳ ತಾಗಿದಾಗ ಹಗ್ಗ ಹೇಗೆ ಅದುರುತ್ತದೆ ನೋಡಿ, ಕೆಸರೋ ಮರಳೋ ಬಂಡೆಯೋ ಎಂದು ಮಾವನ ಕೈ ಹೇಳುತ್ತಿತ್ತು.

ಮಳೆಗಾಲ ಇಳಿದು, ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮರುದಿನ ಬೆಳಿಗ್ಗೆ ದೋಣಿ ಇಳಿಯಿತು. ನನಗೆ ರಜೆ ಸಿಗಲಿಲ್ಲ. ನಾನು ಕೊನೆಯ ಮಹಡಿಯ ಪಶ್ಚಿಮದ ಕಿಟಕಿಯ ಹತ್ತಿರ, ಫೋನ್ ಕಿವಿಗೆ ಒತ್ತಿಕೊಂಡು ನಿಂತಿದ್ದೆ. ಮಳೆ ತೊಳೆದ ಆಕಾಶ, ದೂರದಲ್ಲಿ ಕಡಲಿನ ಒಂದು ಪಟ್ಟಿ. ದೋಣಿ ಕಾಣುವುದುಂಟೇ? ಆದರೂ ಕಣ್ಣು ಕೀಳಲಿಲ್ಲ.

“ಅಕ್ಕ, ಟವರಿನ ಹಿಂದೆ ನಿನ್ನ ಕಟ್ಟಡ ಸರಿಯಾಗಿ ನಿಂತಿತು” ಎಂದ ತಮ್ಮ, ಎಂಜಿನ್ನಿನ ಸದ್ದಿನ ನಡುವೆ. “ಇನ್ನು ಇದನ್ನು ಬಿಡದೆ ಹೊರಗೆ ಹೋಗುವುದು.”

ಮಾವ ಗುಂಡು ಬಿಟ್ಟರು. “ಕೆಸರು” ಎಂದದ್ದು ಕೇಳಿತು. ಸ್ವಲ್ಪ ಮುಂದೆ ಮತ್ತೆ ಕೆಸರು. ಆಮೇಲೆ ಮರಳು. ಲೈನು ಎರಡು ಸಲ ಕಡಿದುಹೋಯಿತು, ಎರಡು ಸಲ ನಾನೇ ಮತ್ತೆ ಮಾಡಿದೆ. ಮ್ಯಾನೇಜರು ಬಂದು ಮೀಟಿಂಗಿಗೆ ಕರೆದರು. ಐದು ನಿಮಿಷ ಸರ್ ಎಂದೆ. ಮತ್ತೆ ಕರೆದರು. ಮನೆಯಲ್ಲಿ ಒಂದು ಮುಖ್ಯ ವಿಷಯ ಸರ್ ಎಂದೆ, ಸುಳ್ಳೇನಲ್ಲ. ಒಂದು ಗಂಟೆಯ ಹತ್ತಿರ ಹತ್ತಿರ ಕೆಸರು, ಮರಳು, ಮರಳು, ಕೆಸರು.

ಆಮೇಲೆ ಸದ್ದು ನಿಂತಿತು. ಎಂಜಿನ್ ಆಫ್ ಮಾಡಿದ್ದರು. ನೀರು ದೋಣಿಗೆ ಬಡಿಯುವುದು ಕೇಳುತ್ತಿತ್ತು.

“ಇದು” ಎಂದರು ಮಾವ. ಮತ್ತೊಮ್ಮೆ ಹಗ್ಗ ಎತ್ತಿ ಬಿಟ್ಟಿರಬೇಕು. “ಇದೇ. ಕೈಗೆ ಗೊತ್ತಾಗುತ್ತದೆ.” ತಲೆ ಎತ್ತಿ ದಡ ನೋಡಿದರು ಎಂದು ತಮ್ಮ ಆಮೇಲೆ ಹೇಳಿದ. ನನಗೆ ಕೇಳಿದ್ದು ಅವರ ದನಿ ಮಾತ್ರ, ಹಳೆಯ ಗಟ್ಟಿ ದನಿ: “ದೀಪಸ್ತಂಭದ ಹಿಂದೆ ಎರಡು ಗುಡ್ಡದ ನಡುವಿನ ಸಂದು. ಹೌದು, ಹೌದು. ಅದೇ ಮೊದಲ ಗೆರೆ. ಮಗಾ, ಕೇಳುತ್ತದಾ? ಬರೆದುಕೋ.”

ನಾನು ಕಿಟಕಿಯಲ್ಲಿ ನಿಂತು ಅತ್ತೆ. ಆಫೀಸಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು, ನೋಡಲಿ. ಕುರ್ಚಿ ಎಳೆದು ಕೂತು, ಇಪ್ಪತ್ತೆಂಟನೆಯ ಕಡತ ತೆರೆದೆ.

“ಮೊದಲು ಸುಳ್ಳು ಬರೆ” ಎಂದರು ಮಾವ. “ಕ್ರಮ ಬಿಡಬಾರದು. ನಿಜದ್ದು ಆಮೇಲೆ, ಒಳಗಿನ ಕೋಣೆಯಲ್ಲಿ.”

“ಸುಳ್ಳು ಬರೆಯಲು ಮುಂದಿನ ಪಾದೆಯ ಗೆರೆ ಬೇಕಲ್ಲ ಮಾವ. ಇಪ್ಪತ್ತೆಂಟರ ಮುಂದೆ ಯಾವುದೂ ಇಲ್ಲ. ಎಲ್ಲಿಂದ ತರಲಿ?”

ಗುಂಡನ್ನು ದೋಣಿಯೊಳಗೆ ಎಳೆದು ಹಾಕಿದ ಸದ್ದು ಕೇಳಿತು.

“ಇಪ್ಪತ್ತೊಂಬತ್ತನೆಯದನ್ನು ನಿನ್ನ ತಮ್ಮ ಹುಡುಕುತ್ತಾನೆ. ಅಲ್ಲಿಯವರೆಗೆ ಖಾಲಿ ಬಿಡು.”

ಸುಳ್ಳಿನ ಕಡತದಲ್ಲಿ ಎರಡನೆಯ ಗೆರೆಯ ಜಾಗ ಖಾಲಿ ಬಿಟ್ಟೆ. ನಿಜದ್ದನ್ನು ಒಳಗಿನ ಫೋಲ್ಡರಿನಲ್ಲಿ ಬರೆದು, ಕಪ್ಪು ಕಿಟಕಿಯಿಂದ ಕೈಯಾರೆ ಕಳುಹಿಸಿದೆ. ಎಡಿಟರಿನಲ್ಲಿ ಹಸಿರು ಟಿಕ್ಕು ಬಿದ್ದೇ ಇತ್ತು. ಅದರ ಕಡೆ ನೋಡದೆ, ಎಲ್ಲವನ್ನೂ ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಸಂಜೆ ಹೊಸದಾಗಿ ಇಳಿಸಿ, ಮಾವನ ಪಕ್ಕ ಕೂತು ಇಪ್ಪತ್ತೆಂಟನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿದ ಮೇಲೆಯೇ ಊಟಕ್ಕೆ ಎದ್ದೆ.